ಮೋಟಾರ್ ಸೈಕಲ್ಲಿನ ತುಕ್ಕು



ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರ ವರೆಗೆ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿತು, ಅದರ ವಾಹನಗಳು ಮಾತ್ರ ಇಂದಿಗೂ ಅನೇಕ ಮನೆಗಳ ಹಿತ್ತಿಲಿನಲ್ಲಿ ಗೋಣಿತಟ್ಟನ್ನು ಹೊದ್ದು ನಿಂತಿವೆ. ತಂದೆಯ ವಾಹನವನ್ನು ಮಗನು ಮತ್ತೆ ನಡೆಸಬೇಕೆಂದು ಹೊರಟಾಗ ಮೊದಲು ಎದುರಾಗುವ ಶತ್ರು ತುಕ್ಕು. ಈ ಶತ್ರುವಿನ ಸ್ವಭಾವವನ್ನೂ ಇದನ್ನು ಜಯಿಸುವ ಉಪಾಯಗಳನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಈ ಭಾಷಣದ ಉದ್ದೇಶ.

ಕಬ್ಬಿಣವು ನೀರು ಮತ್ತು ಆಮ್ಲಜನಕ ಇವೆರಡರೊಡನೆಯೂ ಕೂಡಿದಾಗ ತುಕ್ಕು ಹುಟ್ಟುತ್ತದೆ. ಎರಡರಲ್ಲಿ ಒಂದನ್ನು ತಡೆದರೂ ಸಾಕು, ತುಕ್ಕಿಲ್ಲ. ಅಲ್ಯೂಮಿನಿಯಮ್ ಕೂಡ ಗಾಳಿಗೆ ಮಾಸುತ್ತದೆ. ಆದರೆ ಅದರ ಮಾಸಲು ಪೊರೆಯೇ ಅದಕ್ಕೆ ಕವಚವಾಗುತ್ತದೆ. ತುಕ್ಕು ಹಾಗಲ್ಲ. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದುದರಿಂದ ಉಬ್ಬಿ, ಹೊಪ್ಪಳಿಕೆಯಾಗಿ ಕಳಚಿ, ಒಳಗಿನ ಲೋಹವನ್ನು ಮತ್ತೆ ಬತ್ತಲೆ ಮಾಡುತ್ತದೆ. ಬಣ್ಣದ ಕೆಳಗೆ ಉಳಿದ ತುಕ್ಕು ಬಣ್ಣವನ್ನೇ ಎತ್ತಿಬಿಡುವುದು ಈ ಕಾರಣದಿಂದಲೇ. "ಮೇಲೆ ಥಳಕು, ಒಳಗೆ ಹುಳುಕು" ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಕೆಲಸಕ್ಕೆ ಕೈಹಾಕುವ ಮೊದಲು ಭಾಗಗಳನ್ನು ವಿಂಗಡಿಸತಕ್ಕದ್ದು. ಎಣ್ಣೆಯ ಜಿಡ್ಡನ್ನು ಪೂರ್ಣವಾಗಿ ತೊಳೆಯಬೇಕು. ಜಿಡ್ಡಿರುವ ಕಡೆ ಆಮ್ಲವೂ ಹಿಡಿಯದು, ಬಣ್ಣವೂ ಹಿಡಿಯದು. ಕ್ರೋಮಿಯಮ್ ಹೊದಿಕೆಯ ಭಾಗಗಳನ್ನು ಬೇರೆ ಇಡಬೇಕು. ಆ ಹೊದಿಕೆಯು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳುವಾದುದು. ಅದರ ಕೆಳಗಿನ ನಿಕ್ಕಲ್ ಪದರವೇ ನಿಜವಾದ ರಕ್ಷಕ. ಇಂಥದನ್ನು ಉಪ್ಪುಕಾಗದದಿಂದ ಉಜ್ಜುವುದು ಅವಿವೇಕ. ಅಲ್ಯೂಮಿನಿಯಮ್ ಹಾಳೆಯನ್ನು ಮುದ್ದೆಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ತಿಕ್ಕಿದರೆ ಮೇಲಿನ ತುಕ್ಕಿನ ಚುಕ್ಕೆಗಳು ಬಿಡುತ್ತವೆ. ಹೊದಿಕೆಯೇ ಎದ್ದಿದ್ದರೆ ಹೊಸದಾಗಿ ಹಾಕಿಸುವುದಲ್ಲದೆ ಬೇರೆ ದಾರಿಯಿಲ್ಲ.

ಹೊದಿಕೆಯಿಲ್ಲದ ಕಬ್ಬಿಣದ ಭಾಗಗಳಿಗೆ ವಿದ್ಯುತ್ತಿನ ವಿಧಾನವು ಬಹಳ ಸೌಮ್ಯವಾದುದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಷ್ಟು ಬಟ್ಟೆ ಒಗೆಯುವ ಸೋಡಾ ಕರಗಿಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣಾಗ್ರವನ್ನು ತುಕ್ಕು ಹಿಡಿದ ಭಾಗಕ್ಕೂ, ಧನಾಗ್ರವನ್ನು ಒಂದು ಹಳೆಯ ಕಬ್ಬಿಣದ ತುಂಡಿಗೂ ಜೋಡಿಸಬೇಕು. ಇವೆರಡೂ ಒಂದಕ್ಕೊಂದು ತಾಗಬಾರದು. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲಗೊಂಡು, ಒರೆಸಿದರೆ ಬರುವ ಕರಿಯ ಮಸಿಯಾಗುತ್ತದೆ. ಎಚ್ಚರಿಕೆಗಳು ಮೂರು: ಜಲಜನಕ ಏಳುವುದರಿಂದ ಬಯಲಿನಲ್ಲಿಯೇ, ಕಿಡಿಯಿಂದ ದೂರದಲ್ಲಿ ನಡೆಸಬೇಕು, ಧನಾಗ್ರಕ್ಕೆ ಸ್ಟೇನ್‌ಲೆಸ್ ಸ್ಟೀಲನ್ನು ಕಟ್ಟಬಾರದು, ವಿಷಯುಕ್ತ ಕ್ರೋಮಿಯಮ್ ನೀರಿಗಿಳಿಯುತ್ತದೆ, ಅಲ್ಯೂಮಿನಿಯಮ್ಮನ್ನು ಇಳಿಸಲೇಬಾರದು, ಸೋಡಾ ಅದನ್ನು ತಿಂದುಬಿಡುತ್ತದೆ.

ರಂಜಕಾಮ್ಲ, ಎಂದರೆ ಫಾಸ್ಫರಿಕ್ ಆಮ್ಲ, ಇನ್ನೊಂದು ಉಪಾಯ. ಇದು ತುಕ್ಕನ್ನು ಕರಗಿಸುವುದಲ್ಲದೆ ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಪೊರೆಯನ್ನೂ ಬಿಡುತ್ತದೆ. ಬಣ್ಣವು ಅದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಸುಮಾರು 1600 ವರ್ಷಗಳಿಂದ ನಿಂತಿರುವ ದೆಹಲಿಯ ಕಬ್ಬಿಣದ ಕಂಬವನ್ನು ಕಾಯುತ್ತಿರುವುದೂ ಅದರ ಲೋಹದಲ್ಲಿ ಹೆಚ್ಚಾಗಿರುವ ರಂಜಕದಿಂದ ಹುಟ್ಟಿದ ಪೊರೆಯೇ ಎಂದು ಲೋಹಶಾಸ್ತ್ರಜ್ಞರು ವಿವರಿಸಿದ್ದಾರೆ. ಪೆಟ್ರೋಲ್ ತೊಟ್ಟಿಯ ಒಳಮೈಗೂ ಈ ಆಮ್ಲವೇ ತಕ್ಕುದು. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರದಿದ್ದರೆ ಗಂಟೆಯೊಳಗೆ ಹೊಸ ತುಕ್ಕು ಮೂಡುತ್ತದೆ. ಖಾಲಿಯಾದ ತೊಟ್ಟಿಯಲ್ಲಿಯೂ ಪೆಟ್ರೋಲಿನ ಆವಿ ಉಳಿದಿರುತ್ತದೆ. ಅದರ ಬಳಿಗೆ ಬೆಂಕಿ ತರುವುದು ಪ್ರಾಣಕ್ಕೆ ಎರವು.

ಸ್ಪ್ರಿಂಗುಗಳನ್ನೂ ಗಡಸು ಉಕ್ಕಿನ ಬೋಲ್ಟುಗಳನ್ನೂ ಆಮ್ಲದಲ್ಲಿಯಾಗಲಿ ವಿದ್ಯುತ್ತಿನ ತೊಟ್ಟಿಯಲ್ಲಿಯಾಗಲಿ ನೆನೆಹಾಕಬಾರದು. ಜಲಜನಕವು ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ. ಹೊರಗೆ ಏನೂ ಕಾಣದು, ಒಂದು ದಿನ ತಟ್ಟನೆ ಮುರಿಯುತ್ತದೆ. ಇವುಗಳಿಗೆ ತಂತಿಯ ಕುಂಚವೇ ಸಾಕು.

ಇನ್ನು ಬಣ್ಣದ ವಿಚಾರ. ಶುದ್ಧವಾದ ಲೋಹಕ್ಕೆ ಅಂದೇ ಅಡಿಬಣ್ಣ ಬೀಳಬೇಕು. ದಪ್ಪನಾದ ಒಂದು ಲೇಪಕ್ಕಿಂತ ತೆಳುವಾದ ಮೂರು ಲೇಪಗಳು ಮೇಲು. ಒಂದು ಆರಿದ ಮೇಲೆ ನೀರುಕಾಗದದಿಂದ ಹದವಾಗಿ ಉಜ್ಜಿ ಮತ್ತೊಂದನ್ನು ಕೊಡಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಆದುದರಿಂದ ಅದನ್ನು ಒಣಗಿದಂತೆ ಉಜ್ಜದೆ, ಒದ್ದೆಮಾಡಿ, ಮೂಗುಬಾಯಿ ಮುಚ್ಚಿಕೊಂಡು ತೆಗೆಯುವುದು ಕ್ಷೇಮ.

ಕೊನೆಯದಾಗಿ ಒಂದು ವಿವೇಕದ ಮಾತು. ಎಲ್ಲವನ್ನೂ ಹೊಸದು ಮಾಡುವುದೇ ಪುನರುದ್ಧಾರವಲ್ಲ. ಗಟ್ಟಿಯಾಗಿರುವ ಮೂಲಬಣ್ಣ ಮಾಸಿದ್ದರೂ ಅದನ್ನು ಉಳಿಸಿಕೊಳ್ಳಿ. ಒಮ್ಮೆ ಕೆರೆದರೆ ಅದು ಮರಳಿ ಬಾರದು. ಆದರೆ ಚಕ್ರದ ಅಚ್ಚು, ಕಡ್ಡಿಗಳು, ಬ್ರೇಕಿನ ಸರಳು, ಮುಂದಿನ ಫೋರ್ಕು ಇವುಗಳಲ್ಲಿ ತುಕ್ಕು ಕುಳಿ ತೋಡಿದ್ದರೆ, ಎಷ್ಟೇ ಅಕ್ಕರೆಯ ವಸ್ತುವಾದರೂ ಬದಲಾಯಿಸಿಬಿಡಿ. ಆ ಕುಳಿಗಳನ್ನು ತುಂಬಿ ಬಣ್ಣ ಬಳಿಯುವವನು ನೋಡುವವರ ಕಣ್ಣನ್ನು ಮೋಸಗೊಳಿಸಬಲ್ಲನು. ರಸ್ತೆಯ ತಿರುವಿನಲ್ಲಿ ವಾಹನದ ಭಾರವನ್ನು ಮೋಸಗೊಳಿಸಲಾರನು. ತಂದೆಯ ಗಾಡಿಯ ಹಿಂದಿನ ಆಸನದಲ್ಲಿ ನಾಳೆ ಕುಳಿತುಕೊಳ್ಳುವುದು ಮೊಮ್ಮಗುವೆಂಬುದನ್ನು ನೆನೆದು ಕೆಲಸ ಮಾಡಿದರೆ, ಎಲ್ಲಿ ಉಳಿಸಬೇಕು, ಎಲ್ಲಿ ತ್ಯಜಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ.