ಪರೀಕ್ಷಕರಿಗೂ ಒಂದು ಪರೀಕ್ಷೆ

(ಜಾದವ್‌ಪುರದಲ್ಲಿ ಸೇರಿದ್ದ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ಪಂಪನ ವಿಷಯವನ್ನೋ ಪುರಂದರದಾಸರ ವಿಷಯವನ್ನೋ ಎತ್ತಿಕೊಂಡು ಮಾತನಾಡುವುದು ವಾಡಿಕೆ. ನಾವು ಎತ್ತಿಕೊಂಡಿರುವುದು ಮೂತ್ರಪರೀಕ್ಷೆಯ ವಿಷಯ. ಕಾರ್ಯದರ್ಶಿಗಳು ಮೊದಲು ಕೇಳಿದಾಗ ತಮ್ಮ ಕಿವಿಯನ್ನೇ ನಂಬಲಿಲ್ಲ. ಆಮೇಲೆ, "ಆಗಲಿ, ಊಟಕ್ಕೆ ಮೊದಲೇ ಮುಗಿಸಿಬಿಡಿ" ಎಂದು ಅಪ್ಪಣೆ ಕೊಟ್ಟರು. ನಾವು ವಿಜ್ಞಾನಿಗಳಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಪರರ ಹಣ ಎಣಿಸುವವರು. ಆದರೆ ಈ ವಿಷಯದ ಬೇರಿನಲ್ಲಿರುವುದು ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಲೆಕ್ಕ ತಪಾಸಣೆ. ಆ ಮಟ್ಟಿಗೆ ನಮಗೂ ಮಾತಾಡುವ ಹಕ್ಕುಂಟು ಎಂದುಕೊಂಡಿದ್ದೇವೆ.

ನಮಗೆ ಇದರ ಗೀಳು ಹತ್ತಿದುದು ಹೇಗೆಂದರೆ, ನಮ್ಮ ಪರಿಚಯದ ಹುಡುಗನೊಬ್ಬನಿಗೆ ಹಡಗಿನಲ್ಲಿ ಕೆಲಸ ಸಿಕ್ಕಿತ್ತು. ಕರಾವಳಿಯ ಕಡೆಯವನು, ಮನೆಯಲ್ಲಿ ತಂದೆಯಿಲ್ಲ, ತರಬೇತಿಗೆಂದು ಮಾಡಿದ ಸಾಲ ತಲೆಯ ಮೇಲೆ. ಹಡಗು ಹತ್ತುವ ಮುಂಚೆ ವೈದ್ಯಕೀಯ ತಪಾಸಣೆಯಾಗಬೇಕು. ಅದರಲ್ಲಿ ಮಾದಕವಸ್ತುವಿನ ಪರೀಕ್ಷೆಯೂ ಒಂದು. ಮೂತ್ರದಲ್ಲಿ ಅದ್ದಿದ ಪಟ್ಟಿ 'ಅಫೀಮಿನ ವರ್ಗದ ವಸ್ತು ಉಂಟು' ಎಂದು ಹೇಳಿತು. ಬೀಡಿಯನ್ನೂ ಮುಟ್ಟದ ಹುಡುಗ ದಿಕ್ಕುತೋಚದೆ ನಮ್ಮ ಮನೆಗೆ ಬಂದು ಕುಳಿತ. ಹಿಂದಿನ ರಾತ್ರಿ ಏನು ತಿಂದೆಯಪ್ಪ ಎಂದು ನಮ್ಮ ಮನೆಯಾಕೆ ಕೇಳಿದಳು. ಬಂಗಾಳಿ ಗೆಳೆಯನ ಮನೆಯಲ್ಲಿ ಆಲೂ ಪೋಸ್ತೋ, ಅದೂ ಎರಡು ಸಲ ಬಡಿಸಿಕೊಂಡು!

ಪೋಸ್ತೋ ಎಂದರೆ ನಮ್ಮ ಗಸಗಸೆಯೇ. ನಾವು ಅದನ್ನು ಹಬ್ಬಕ್ಕೊಮ್ಮೆ ಪಾಯಸ ಮಾಡಿ, ಕುಡಿದು, ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡುತ್ತೇವೆ. ಇಲ್ಲಿಯವರು ವಾರವಾರವೂ ಅರೆದು ಪಲ್ಯ ಮಾಡುತ್ತಾರೆ. ಅಫೀಮು ಬರುವುದೂ ಇದೇ ಗಿಡದ ಕಾಯಿಯ ಹಾಲಿನಿಂದ. ಬೀಜಕ್ಕೆ ಆ ಹಾಲಿನ ಅಂಶ ಅಂಟಿರುತ್ತದಾದ್ದರಿಂದ ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫೀನ್ ಎಂಬ ವಸ್ತು ನಿಜವಾಗಿಯೂ ಕಾಣಿಸಿಕೊಳ್ಳಬಹುದು. ಪಟ್ಟಿ ಸುಳ್ಳು ಹೇಳಿರಲಿಲ್ಲ. ಅರ್ಧ ಸತ್ಯ ಹೇಳಿತ್ತು. ಅಮೆರಿಕದ ಸರಕಾರಿ ನಿಯಮಗಳಲ್ಲಿ ಒಂದು ಮಿಲಿಲೀಟರಿಗೆ 300 ನ್ಯಾನೋಗ್ರಾಂ ಇದ್ದರೆ ಸಾಕು, 'ಉಂಟು' ಎನ್ನುವ ಕಾಲವೊಂದಿತ್ತು. ಗಸಗಸೆ ತಿಂದವರೂ ಸಿಕ್ಕಿಬೀಳುತ್ತಾರೆಂದು ಕಂಡಮೇಲೆ 1998ರ ಡಿಸೆಂಬರಿನಿಂದ ಆ ಮಿತಿಯನ್ನು 2000ಕ್ಕೆ ಏರಿಸಿದರು. ಒಂದು ಗ್ರಾಮಿನಲ್ಲಿ ನೂರು ಕೋಟಿ ನ್ಯಾನೋಗ್ರಾಂ ಎಂದು ತಿಳಿದರೆ ನಾವು ಎಷ್ಟು ಸಣ್ಣ ಚಿಲ್ಲರೆಯ ಲೆಕ್ಕ ಮಾಡುತ್ತಿದ್ದೇವೆಂಬುದು ಗೊತ್ತಾದೀತು.

ಪಟ್ಟಿಯ ಮೇಲೆ ಬಣ್ಣ ತೋರುವ ಪರೀಕ್ಷೆ ಬಾಗಿಲ ಕಾವಲುಗಾರನಂತೆ. ಮುಖ ಹೋಲಿದರೆ ಸಾಕು, ತಡೆದು ನಿಲ್ಲಿಸುತ್ತಾನೆ. ನೆಗಡಿಗೆ ಕೊಡುವ ಕೆಲವು ಔಷಧಿಗಳನ್ನು ಆಂಫೆಟಮೀನ್ ಎಂದು ಭ್ರಮಿಸುವುದೂ ಉಂಟು. ಆಮೇಲೆ ಬರಬೇಕಾದುದು ಖಾತರಿಯ ಪರೀಕ್ಷೆ. ಅದರಲ್ಲಿ ವಸ್ತುಗಳನ್ನು ಅನಿಲದ ಇಲ್ಲವೆ ದ್ರವದ ಪ್ರವಾಹದಲ್ಲಿ ಬೇರೆಬೇರೆ ಮಾಡಿ, ಒಂದೊಂದರ ಅಣುವನ್ನೂ ಒಡೆದು, ಚೂರುಗಳನ್ನು ತೂಗಿ ಗುರುತು ಹಿಡಿಯುತ್ತಾರೆ. ಹೆರಾಯಿನ್ ಸೇವಿಸಿದವನ ಮೂತ್ರದಲ್ಲಿ ಕೆಲವು ಗಂಟೆಗಳ ಕಾಲ ಕಾಣುವ ಒಂದು ವಸ್ತುವುಂಟು. ಆರು-ಅಸಿಟೈಲ್ ಮಾರ್ಫೀನ್ ಎಂದು ಅದರ ಹೆಸರು. ಗಸಗಸೆ ಎಷ್ಟು ತಿಂದರೂ ಅದು ಬರುವುದಿಲ್ಲ. ನಮ್ಮ ಹುಡುಗನಿಗೆ ಈ ಎರಡನೆಯ ಪರೀಕ್ಷೆಯಾಗಿ ಹೆಸರಿಗೆ ಅಂಟಿದ ಕಳಂಕ ಹೋಗಲು ಎರಡು ವಾರ ಹಿಡಿಯಿತು. ಹಡಗು ಅಷ್ಟು ದಿನ ಕಾಯಲಿಲ್ಲ.

ಆಗ ನಮಗೆ ಹುಟ್ಟಿದ ಪ್ರಶ್ನೆ ಇದು. ಹಣ ಎಣಿಸುವ ನಮ್ಮನ್ನು ತಪಾಸಣೆ ಮಾಡಲು ಇನ್‌ಸ್ಪೆಕ್ಟರು ಬರುತ್ತಾರೆ, ಆಡಿಟರು ಬರುತ್ತಾರೆ. ಮನುಷ್ಯನ ಮಾನವನ್ನೇ ತೂಗುವ ಪ್ರಯೋಗಾಲಯವನ್ನು ತೂಗುವವರು ಯಾರು? ಇದು ಕೆಲಸದ ಪ್ರಶ್ನೆಯಷ್ಟೇ ಅಲ್ಲ. ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯ 27ನೆಯ ಕಲಮಿನ ಪ್ರಕಾರ ಬರಿಯ ಸೇವನೆಗೂ ಸೆರೆಮನೆಯುಂಟು. ಮಾರ್ಫೀನ್, ಕೊಕೇನ್, ಹೆರಾಯಿನ್ ಆದರೆ ಒಂದು ವರ್ಷದವರೆಗೆ.

ತೂಗುವ ಉಪಾಯ ಕೇಳಲು ಬಹಳ ಸರಳ. ಒಳಗೆ ಏನಿದೆ, ಎಷ್ಟಿದೆ ಎಂದು ತನಗೆ ಮಾತ್ರ ಗೊತ್ತಿರುವ ಸೀಸೆಗಳನ್ನು ಒಂದು ಸಂಸ್ಥೆ ಹತ್ತಾರು ಪ್ರಯೋಗಾಲಯಗಳಿಗೆ ಕಳಿಸುತ್ತದೆ. ಕೆಲವು ಸೀಸೆಗಳಲ್ಲಿ ಏನೂ ಇರುವುದಿಲ್ಲ, ಕೆಲವು ಸರಿಯಾಗಿ ಮಿತಿಯ ಗೆರೆಯ ಅಂಚಿನಲ್ಲಿರುತ್ತವೆ. ಅವರವರ ಉತ್ತರ ತರಿಸಿಕೊಂಡು ತಾಳೆ ನೋಡುತ್ತದೆ. ಇದಕ್ಕೆ ಪ್ರಾವೀಣ್ಯ ಪರೀಕ್ಷೆ ಎನ್ನೋಣ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಎಂಬಿಬ್ಬರು ಆಸ್ಪತ್ರೆಗಳ ಪ್ರಯೋಗಾಲಯಗಳಿಗೆ ಹೀಗೆ ಒಂದೇ ಬಗೆಯ ದ್ರವಗಳನ್ನು ಹಂಚಿ, ಬಂದ ಉತ್ತರಗಳನ್ನು 1947ರಲ್ಲಿ ಪ್ರಕಟಿಸಿದರು. ಒಂದೇ ದ್ರವಕ್ಕೆ ಊರಿಗೊಂದು ಉತ್ತರ! ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದೇಶದ ಆಸ್ಪತ್ರೆಗಳ ಪ್ರಯೋಗಾಲಯಗಳಿಗೆ ಇಂಥದೇ ಯೋಜನೆಯನ್ನು ಬಹುಕಾಲದಿಂದ ನಡೆಸುತ್ತಿದೆ. ಮಾದಕವಸ್ತುಗಳಿಗೆ ಸಂಬಂಧಿಸಿದಂತೆ ವಿಶ್ವಸಂಸ್ಥೆಯ ಕಚೇರಿಯೇ ಹಲವು ದೇಶಗಳ ಪ್ರಯೋಗಾಲಯಗಳಿಗೆ ವರ್ಷಕ್ಕೆ ಎರಡು ಸುತ್ತು ನಮೂನೆ ಕಳಿಸುತ್ತದೆ; ಮೂತ್ರದ ನಮೂನೆಗಳೂ ಅದರಲ್ಲಿ ಸೇರಿವೆ.

ಆದರೆ ಇಲ್ಲೊಂದು ತೊಡಕುಂಟು. ಬ್ಯಾಂಕಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಇನ್‌ಸ್ಪೆಕ್ಷನ್ನು ಸೋಮವಾರವೆಂದು ಮೊದಲೇ ತಿಳಿದರೆ ಶನಿವಾರ ಸಂಜೆಯೊಳಗೆ ಎಲ್ಲ ವೌಚರುಗಳಿಗೂ ಸಹಿ ಬೀಳುತ್ತದೆ, ಹೊಲಿಯದ ಕಟ್ಟುಗಳೆಲ್ಲ ಹೊಲಿಗೆ ಕಾಣುತ್ತವೆ, ಗೋಡೆಯ ಗಡಿಯಾರವೂ ಸರಿಯಾದ ಸಮಯ ತೋರಿಸುತ್ತದೆ. ಪ್ರಯೋಗಾಲಯದವರೂ ಮನುಷ್ಯರೇ. 'ಇದು ಪರೀಕ್ಷೆಯ ಸೀಸೆ' ಎಂದು ಗೊತ್ತಾದರೆ ಅತ್ಯಂತ ಅನುಭವಿಯ ಕೈಗೆ ಕೊಡುತ್ತಾರೆ, ಒಂದಕ್ಕೆ ಮೂರು ಸಲ ಅಳೆಯುತ್ತಾರೆ. ಉತ್ತರ ಕಳಿಸುವ ಮುನ್ನ ಪಕ್ಕದೂರಿನ ಪ್ರಯೋಗಾಲಯಕ್ಕೆ ಫೋನು ಮಾಡಿ 'ನಿಮ್ಮದೆಷ್ಟು ಬಂತು?' ಎಂದು ಕೇಳಬಹುದಲ್ಲ ಎಂಬ ಸಂದೇಹವನ್ನು ಈ ಪರೀಕ್ಷೆಗಳ ಅಂತರರಾಷ್ಟ್ರೀಯ ನಿಯಮಗಳೇ ಲೆಕ್ಕಕ್ಕೆ ತೆಗೆದುಕೊಂಡಿವೆ.

ಇದು ಬರಿಯ ಊಹೆಯಲ್ಲ. 1985ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ವರದಿ ಬಂತು. ಅಲ್ಲಿಯ ಸರಕಾರದ ರೋಗನಿಯಂತ್ರಣ ಕೇಂದ್ರದವರು 13 ಪ್ರಯೋಗಾಲಯಗಳನ್ನು ಆರಿಸಿದರು. ವ್ಯಸನಮುಕ್ತಿಯ 262 ಚಿಕಿತ್ಸಾಲಯಗಳು ನೆಚ್ಚಿಕೊಂಡಿದ್ದ ಪ್ರಯೋಗಾಲಯಗಳು ಅವು. ಚಿಕಿತ್ಸಾಲಯಗಳ ಮೂಲಕವೇ, ರೋಗಿಗಳ ಮೂತ್ರವೆಂಬಂತೆ, ತಾವು ಸಿದ್ಧಪಡಿಸಿದ ಸೀಸೆಗಳನ್ನು ಗುಟ್ಟಾಗಿ ಕಳಿಸಿದರು. ಕೊಕೇನ್ ಇದ್ದ ಸೀಸೆಗಳ ವಿಷಯದಲ್ಲಿ ತಪ್ಪು ಉತ್ತರಗಳ ಪ್ರಮಾಣ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಶೇಕಡ ಸೊನ್ನೆಯಿಂದ ನೂರರವರೆಗೆ ಹರಡಿಕೊಂಡಿತ್ತು! ಮಾರ್ಫೀನಿನಲ್ಲಿ ಐದರಿಂದ ನೂರರವರೆಗೆ. ವಸ್ತುವೇ ಇಲ್ಲದ ಸೀಸೆಯಲ್ಲಿ 'ಉಂಟು' ಎಂದವರೂ ಇದ್ದರು. ಪರೀಕ್ಷೆಯೆಂದು ತಿಳಿದು ಮಾಡಿದಾಗ ಇದೇ ಪ್ರಯೋಗಾಲಯಗಳು ಎಷ್ಟೋ ಮೇಲಾಗಿ ನಡೆದುಕೊಂಡವು. ಅಂದರೆ ಕೈಯಲ್ಲಿ ವಿದ್ಯೆಯಿತ್ತು. ದಿನನಿತ್ಯದ ರೋಗಿಗೆ ಅದು ದಕ್ಕುತ್ತಿರಲಿಲ್ಲ. ವರದಿ ಬಂದ ಮೂರು ವರ್ಷಕ್ಕೆ, 1988ರಲ್ಲಿ, ಅಮೆರಿಕದ ಸರಕಾರ ತನ್ನ ನೌಕರರ ಪರೀಕ್ಷೆಗೆ ಕಟ್ಟುನಿಟ್ಟಾದ ನಿಯಮಗಳನ್ನು ತಂದಿತು. ಹೊಸದಾಗಿ ಮಾನ್ಯತೆ ಕೇಳಿಬರುವ ಪ್ರಯೋಗಾಲಯ ಇಲ್ಲದುದನ್ನು ಉಂಟೆಂದು ಒಮ್ಮೆಯೂ ಹೇಳಕೂಡದು ಎಂಬ ಷರತ್ತು ನಮಗೆ ಬಹಳ ಹಿಡಿಸಿತು. ಇರುವುದನ್ನು ಕಾಣದೆ ಹೋಗುವುದೂ ತಪ್ಪೇ. ಆದರೆ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿಡಲಾಗದು.

ಸ್ವಲ್ಪ ನಮ್ಮ ಊರಿನ ಕಡೆಗೆ ತಿರುಗೋಣ. ಊರು ಎಂದರೆ ಈಗ ಕೋಲ್ಕತವೇ. ನಾಲಗೆ ಮಾತ್ರ ಇನ್ನೂ ಕಲ್ಕತ್ತೆ ಎನ್ನುತ್ತದೆ. ಗುಟ್ಟಾಗಿ ಎರಡು ಸಲ ಅಳೆಯಿಸುವ ಈ ಬುದ್ಧಿ ಇಲ್ಲಿಗೆ ಹೊಸದಲ್ಲ. 1931ರಲ್ಲಿ ಇಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸರು ಬಂಗಾಳದ ಸೆಣಬಿನ ಬೆಳೆಯನ್ನು ಅಳೆಯಹೊರಟಾಗ ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆಬೇರೆಯಾಗಿ ಕಳಿಸುವ ಪದ್ಧತಿ ತಂದರು. ಎರಡು ಲೆಕ್ಕ ಹೊಂದದಿದ್ದರೆ ಯಾರೋ ಮರದ ಕೆಳಗೆ ಕುಳಿತು ಬರೆದಿದ್ದಾರೆಂದು ಅರ್ಥ. ಅದೇ ಸಂಸ್ಥೆಯಲ್ಲಿ ನಾಲ್ಕು ದಶಕಗಳ ಹತ್ತಿರ ದುಡಿದು ಲೋಕಪ್ರಸಿದ್ಧರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಮನೆಮಾತು ತೆಲುಗು, ಕರ್ಮಭೂಮಿ ಬಂಗಾಳ. ಹುಟ್ಟಿದ ಮಣ್ಣಿನ ಹೆಮ್ಮೆಯನ್ನಾದರೂ ನಾವು ಬಿಟ್ಟುಕೊಡುವ ಹಾಗಿಲ್ಲ. 102 ವರ್ಷ ಬಾಳಿ 2023ರಲ್ಲಿ ತೀರಿಕೊಂಡರು.

ಅಂಕ ಕೊಡುವ ರೀತಿಯೂ ಈ ಸಂಖ್ಯಾಶಾಸ್ತ್ರದ್ದೇ. ಸೀಸೆಯಲ್ಲಿ ನಿಜವಾಗಿ 100 ನ್ಯಾನೋಗ್ರಾಂ ಇದೆಯೆನ್ನಿ. ಒಳ್ಳೆಯ ಪ್ರಯೋಗಾಲಯಗಳ ನಡುವೆಯೂ ಸಹಜವಾಗಿ ಇರುವ ಏರಿಳಿತಕ್ಕೆ 10ರ ಅಳತೆಗೋಲು ಇಟ್ಟುಕೊಳ್ಳೋಣ. 108 ಎಂದವನು ಗೋಲಿನ ಒಂದು ಉದ್ದದೊಳಗೇ ಇದ್ದಾನೆ, ತೃಪ್ತಿಕರ. ಎರಡು ಉದ್ದದವರೆಗೂ ಕ್ಷಮೆಯುಂಟು. 125 ಎಂದರೆ ಎರಡೂವರೆ ಉದ್ದ, ಹುಬ್ಬು ಗಂಟಿಕ್ಕಬೇಕಾದ ಸಂಗತಿ. ಮೂರು ಉದ್ದ ದಾಟಿದರೆ ತೇರ್ಗಡೆಯಿಲ್ಲ; ಕಾರಣ ಹುಡುಕಿ, ತಿದ್ದಿ, ಬರೆದಿಡಬೇಕು. ಬಿ.ಕಾಂ. ಮಾಡಿದವರು ಒಂದು ಮಾತನ್ನು ಜ್ಞಾಪಿಸಿಕೊಳ್ಳಬಹುದು: ತಾಳೆಪಟ್ಟಿಯ ಎರಡು ಕಡೆಯೂ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯೆಂದು ಅರ್ಥವಲ್ಲ. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿರಬಹುದು. ಇಲ್ಲಿಯೂ ಹಾಗೆಯೇ. ಸೀಸೆಯ ಅಳತೆ ಸರಿಯಿದ್ದು ಚೀಟಿ ಅದಲುಬದಲಾದರೆ ರಾಮನ ಪಾಪ ಭೀಮನಿಗೆ. ಬಹಿರಂಗ ಪರೀಕ್ಷೆಗೆ ಅದು ಕಾಣುವುದಿಲ್ಲ.

ಪೊಲೀಸು ಮತ್ತು ನ್ಯಾಯಾಲಯದ ಕೆಲಸಕ್ಕೆ ರಸಾಯನ ಪರೀಕ್ಷೆ ಮಾಡಿಸುವುದರಲ್ಲಿ ಈ ನಗರ ಹಿರಿಯದು. 1853ರಲ್ಲೇ ಇಲ್ಲಿ ಕೆಮಿಕಲ್ ಎಗ್ಸಾಮಿನರ ಕಚೇರಿಯಿತ್ತು. ಭಾರತದ ಮೊದಲ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ ಹುಟ್ಟಿದ್ದು 1952ರಲ್ಲಿ ಇಲ್ಲಿಯೇ. 1957ರಲ್ಲಿ ಕೇಂದ್ರ ಪ್ರಯೋಗಾಲಯವೂ ಬಂತು. ಹಿರಿತನ ಬೇರೆ, ತಪಾಸಣೆ ಬೇರೆ. ಎಷ್ಟೇ ಹಳೆಯ ಪ್ರಯೋಗಾಲಯವಾಗಲಿ, ಎನ್‌ಎಬಿಎಲ್ ಮಾನ್ಯತೆ ಬೇಕಾದರೆ ಪ್ರಾವೀಣ್ಯ ಪರೀಕ್ಷೆಗೆ ಕುಳಿತುಕೊಳ್ಳಲೇಬೇಕು. ಸೀಸೆ ಕಳಿಸುವ ಸಂಸ್ಥೆಗೂ ಅದೇ ಮಂಡಳಿ ಪ್ರತ್ಯೇಕ ಮಾನ್ಯತೆ ಕೊಡುತ್ತದೆ. ಪರೀಕ್ಷಕನ ಪರೀಕ್ಷಕನಿಗೂ ಪರೀಕ್ಷೆ ಎಂದ ಹಾಗಾಯಿತು!

ತಪಾಸಣೆಯಲ್ಲಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕ್ರೀಡಾಪಟುಗಳ ಮೂತ್ರ ಪರೀಕ್ಷಿಸುವ ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯಕ್ಕೆ 2008ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಮಾನ್ಯತೆ ಸಿಕ್ಕಿತ್ತು. ಆ ಸಂಸ್ಥೆಯವರು ಸ್ಥಳಕ್ಕೆ ಬಂದು ತಪಾಸಣೆ ಮಾಡಿ ಲೋಪಗಳನ್ನು ಕಂಡರು. ದೇಹದಲ್ಲೇ ಹುಟ್ಟಿದ ಹಾರ್ಮೋನು ಯಾವುದು, ಹೊರಗಿನಿಂದ ಹಾಕಿಕೊಂಡುದು ಯಾವುದು ಎಂದು ಇಂಗಾಲದ ಐಸೊಟೋಪಿನಿಂದ ಪತ್ತೆಹಚ್ಚುವ ವಿಧಾನದಲ್ಲಿ ಮುಖ್ಯವಾಗಿ. 2019ರ ಆಗಸ್ಟಿನಲ್ಲಿ ಆರು ತಿಂಗಳಿಗೆಂದು ಮಾನ್ಯತೆಯನ್ನು ಅಮಾನತು ಮಾಡಿದರು. 2020ರ ಜುಲೈಯಲ್ಲಿ ಅಮಾನತು ಮತ್ತೆ ಬೆಳೆಯಿತು. ಮಾನ್ಯತೆ ಮರಳಿದ್ದು 2021ರ ಡಿಸೆಂಬರಿನಲ್ಲಿ. ಟೋಕಿಯೋ ಒಲಿಂಪಿಕ್ಸ್ ಅಷ್ಟರಲ್ಲಿ ಮುಗಿದೇಹೋಗಿತ್ತು. ಆ ಅವಧಿಯಲ್ಲಿ ನಮ್ಮ ಹುಡುಗ ಹುಡುಗಿಯರ ಸೀಸೆಗಳು ವಿಮಾನ ಹತ್ತಿ ಪರದೇಶಗಳಿಗೆ ಹೋಗಬೇಕಾಯಿತು. ಕೆಲವರು ಇದನ್ನು ದೇಶಕ್ಕಾದ ಅವಮಾನವೆಂದರು. ನಮಗೆ ಹಾಗೆ ತೋರುವುದಿಲ್ಲ. ಲೋಪವಿರುವ ತಕ್ಕಡಿಯಲ್ಲಿ ಒಬ್ಬ ಓಟಗಾರ್ತಿಯ ಹತ್ತು ವರ್ಷದ ದುಡಿಮೆಯನ್ನು ತೂಗುವುದಕ್ಕಿಂತ ಅಂಗಡಿಯ ಬಾಗಿಲು ಕೆಲಕಾಲ ಮುಚ್ಚುವುದು ಲೇಸು.

ಆ ಮದ್ದು ತಡೆ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ಮೂರು ಬಗೆಯುಂಟು. ಕಲಿಕೆಗಾಗಿ ಕಳಿಸುವ ಸೀಸೆ. ಪರೀಕ್ಷೆಯೆಂದು ಗೊತ್ತಿದ್ದು ಒಳಗಿರುವುದು ಗೊತ್ತಿಲ್ಲದ ಸೀಸೆ. ಪರೀಕ್ಷೆಯೆಂಬುದೇ ಗೊತ್ತಾಗದಂತೆ ನಿತ್ಯದ ಸೀಸೆಗಳ ನಡುವೆ ನುಸುಳಿ ಬರುವ ಸೀಸೆ. ನಮ್ಮ ಒಲವು ಮೂರನೆಯದರ ಕಡೆಗೆ. ಪೊಲೀಸು ಪ್ರಕರಣಗಳಲ್ಲಿ ಇದು ಕಷ್ಟ, ಸುಳ್ಳು ಪ್ರಕರಣವನ್ನೇ ಕಾಗದಪತ್ರ ಸಮೇತ ಹೂಡಬೇಕಾಗುತ್ತದೆ ಎನ್ನುತ್ತಾರೆ. ಕಷ್ಟ ನಿಜ. ಆದರೂ ಅಮೆರಿಕದ ಹೂಸ್ಟನ್ ನಗರದ ವಿಧಿವಿಜ್ಞಾನ ಕೇಂದ್ರ 2015ರಿಂದ ಮಾಡಿ ತೋರಿಸುತ್ತಿದೆ. ಪರೀಕ್ಷೆಯ ಸೀಸೆಯೆಂದು ಸರಿಯಾಗಿ ಊಹಿಸಿದ ನೌಕರನಿಗೆ ಅಲ್ಲಿ ಸಣ್ಣ ಬಹುಮಾನವೂ ಉಂಟಂತೆ. ನಮ್ಮ ಇನ್‌ಸ್ಪೆಕ್ಟರುಗಳು ಇದನ್ನು ಕೇಳಿಸಿಕೊಳ್ಳಲಿ.

ತಮ್ಮ ಮಕ್ಕಳಿಗೋ ತಮ್ಮಂದಿರಿಗೋ ಇಂಥ ಪರೀಕ್ಷೆ ಬಂದಾಗ ಕೇಳಬೇಕಾದುದು ಬಹಳವಿಲ್ಲ. ಖಾತರಿಯ ಎರಡನೆಯ ಪರೀಕ್ಷೆ ಆಯಿತೆ, ಮಿತಿ ಎಷ್ಟು ಇಟ್ಟುಕೊಂಡಿದ್ದೀರಿ ಎಂದು ವಿನಯದಿಂದಲೇ ಕೇಳಿ. ಪ್ರಯೋಗಾಲಯದ ಮಾನ್ಯತಾಪತ್ರಕ್ಕೆ ಲಗತ್ತಾಗಿರುವ ಪಟ್ಟಿಯಲ್ಲಿ ಈ ಪರೀಕ್ಷೆಯ ಹೆಸರು ಇದೆಯೆ ನೋಡಿ. ನೀರಿನ ಪರೀಕ್ಷೆಗೆ ಪಡೆದ ಮಾನ್ಯತೆ ಮೂತ್ರಕ್ಕೆ ಸಲ್ಲುವುದಿಲ್ಲ. ತೆಗೆದುಕೊಳ್ಳುತ್ತಿರುವ ಔಷಧಿಗಳನ್ನು ಮೊದಲೇ ಬರೆಯಿಸಿ. ಸೀಸೆಗೆ ಮೊಹರು ತಮ್ಮ ಕಣ್ಣೆದುರಿನಲ್ಲೇ ಬೀಳಲಿ.

ಆ ಹುಡುಗನಿಗೆ ಮುಂದಿನ ವರ್ಷ ಬೇರೆ ಹಡಗು ಸಿಕ್ಕಿತು. ಹೊರಡುವ ಮುಂಚಿನ ಒಂದು ವಾರ ನಮ್ಮ ಮನೆಯಲ್ಲೇ ಊಟ ಮಾಡಿದ. ಬರಿಯ ತಿಳಿಸಾರು, ಅನ್ನ. ಕಾರ್ಯದರ್ಶಿಗಳು ಎಲೆ ಹಾಕಿದೆಯೆಂದು ಸನ್ನೆ ಮಾಡುತ್ತಿದ್ದಾರೆ. ಇಂದಿನ ಪಾಯಸ ಯಾವುದೆಂದು ಅಡಿಗೆಯವರನ್ನು ವಿಚಾರಿಸಿದೆವು, ಶಾವಿಗೆಯದಂತೆ.