ಮನೆಯ ಮುದ್ರಕ ಮತ್ತು ಲಿನಕ್ಸ್ ಗಣಕ: ದೋಷ ಪತ್ತೆಯ ಕ್ರಮ
(ಭಾಷಣದ ಪಠ್ಯ)



ಹೈದರಾಬಾದಿನ ಕಾಚಿಗೂಡದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮಗಳಿಗೆ ಮರುದಿನ ಬೆಳಗ್ಗೆ ಪರೀಕ್ಷೆ. ಪ್ರವೇಶಪತ್ರವು ಗಣಕದ ಪರದೆಯ ಮೇಲಿದೆ, ಪಕ್ಕದಲ್ಲಿಯೇ ಮುದ್ರಕವೂ ಇದೆ. ಆದರೆ ಕಾಗದ ಮಾತ್ರ ಹೊರಬರುತ್ತಿಲ್ಲ. ರಾತ್ರಿ ಹತ್ತು ಗಂಟೆಯಾಗಿದೆ. ಬೀದಿಯ ಜೆರಾಕ್ಸ್ ಅಂಗಡಿ ಮುಚ್ಚಿದೆ. ಗಣಕದಲ್ಲಿರುವುದು ಲಿನಕ್ಸ್ ಆದ್ದರಿಂದ ತಪ್ಪೆಲ್ಲ ಅದರದೇ ಎಂದು ಮನೆಯವರು ನಿರ್ಧರಿಸುತ್ತಾರೆ. ಈ ನಿರ್ಧಾರವು ಬಹುಪಾಲು ಸಂದರ್ಭಗಳಲ್ಲಿ ಸರಿಯಲ್ಲ.

ಮುದ್ರಕಕ್ಕೂ ಮುಕ್ತ ತಂತ್ರಾಂಶಕ್ಕೂ ಹಳೆಯ ನಂಟಿದೆ. 1980ರ ಸುಮಾರಿಗೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯದ ಹೊಸ ಲೇಸರ್ ಮುದ್ರಕದಲ್ಲಿ ಕಾಗದ ಪದೇಪದೇ ಸಿಕ್ಕಿಕೊಳ್ಳುತ್ತಿತ್ತು. ಕಾಗದ ಸಿಕ್ಕಿಕೊಂಡ ಸುದ್ದಿ ಬಳಕೆದಾರರಿಗೆ ತಿಳಿಯುವಂತೆ ಹಳೆಯ ಮುದ್ರಕದ ತಂತ್ರಾಂಶವನ್ನು ರಿಚರ್ಡ್ ಸ್ಟಾಲ್ಮನ್ ತಿದ್ದಿದ್ದರು. ಹೊಸ ಯಂತ್ರದ ಮೂಲಸಂಕೇತವು ಅವರಿಗೆ ದೊರೆಯಲಿಲ್ಲ. ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಹಿಂದೆ ಈ ಅನುಭವವೂ ಇತ್ತು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬಿಡುಗಡೆ ಮಾಡಿದರು. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆ 'ಬಾಸ್' ಎಂಬ ಲಿನಕ್ಸ್ ವ್ಯವಸ್ಥೆಯನ್ನು ರೂಪಿಸಿತು. ಹೈದರಾಬಾದಿನಲ್ಲಿ 'ಸ್ವೇಚ್ಛಾ' ಸಂಘಟನೆಯು ತೆಲುಗಿನಲ್ಲಿ ಇಂತಹ ಕಾರ್ಯವನ್ನು ಕೈಗೊಂಡಿತು.

ಲಿನಕ್ಸ್‌ನಲ್ಲಿ ಮುದ್ರಣದ ಹೊಣೆ ಹೊತ್ತಿರುವುದು 1999ರಲ್ಲಿ ಬಿಡುಗಡೆಯಾದ 'ಕಪ್ಸ್' ಎಂಬ ವ್ಯವಸ್ಥೆ. ಅದು ಕಡತವನ್ನು ಸರತಿಯಲ್ಲಿ ನಿಲ್ಲಿಸಿ, ಮುದ್ರಕಕ್ಕೆ ಅರ್ಥವಾಗುವ ರೂಪಕ್ಕೆ ತಂದು, ತಂತಿಯ ಮೂಲಕವೋ ವೈ-ಫೈ ಮೂಲಕವೋ ಕಳುಹಿಸುತ್ತದೆ. ಆದುದರಿಂದ ದೋಷವನ್ನು ಯಂತ್ರ, ಸಂಪರ್ಕ, ಸರತಿ, ಚಾಲಕ ತಂತ್ರಾಂಶ ಎಂಬ ಕ್ರಮದಲ್ಲಿ ಹುಡುಕುವುದು ಉಚಿತ.

ಮೊದಲನೆಯದು ಯಂತ್ರ. ಗಣಕದ ನೆರವಿಲ್ಲದೆ ಮುದ್ರಕದ ಗುಂಡಿಗಳಿಂದಲೇ ಪರೀಕ್ಷಾ ಪುಟವೊಂದನ್ನು ತೆಗೆಯಬೇಕು. ಅದೇ ಮಸುಕಾಗಿದ್ದರೆ ಗಣಕವನ್ನು ದೂರುವುದು ವ್ಯರ್ಥ. ಹೈದರಾಬಾದಿನ ಏಪ್ರಿಲ್, ಮೇ ತಿಂಗಳುಗಳ ಬಿಸಿಲಿನಲ್ಲಿ ಬಳಸದೆ ಬಿಟ್ಟ ಶಾಯಿ ಮುದ್ರಕದ ಸೂಕ್ಷ್ಮರಂಧ್ರಗಳು ಒಣಗುತ್ತವೆ. ವಾರಕ್ಕೊಮ್ಮೆ ಬಣ್ಣದ ಪುಟವೊಂದನ್ನು ಮುದ್ರಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಕಾಗದವು ತೇವ ಹೀರಿ ಎರಡೆರಡು ಹಾಳೆಗಳು ಅಂಟಿಕೊಂಡು ಹೋಗುತ್ತವೆ. ಅದನ್ನು ಕಟ್ಟಿನೊಳಗೆ ಮುಚ್ಚಿಡಬೇಕು.

ಎರಡನೆಯದು ಸಂಪರ್ಕ. ಯುಎಸ್‌ಬಿ ತಂತಿಯನ್ನು ಗಣಕಕ್ಕೆ ನೇರವಾಗಿ ಜೋಡಿಸಬೇಕು. ವೈ-ಫೈ ಆದರೆ ಗಣಕ, ಮುದ್ರಕಗಳೆರಡೂ ಒಂದೇ ಜಾಲದಲ್ಲಿರಬೇಕು. ವಿದ್ಯುತ್ ಹೋಗಿ ಬಂದಾಗ ರೂಟರ್ ಮುದ್ರಕಕ್ಕೆ ಹೊಸ ವಿಳಾಸ ಕೊಡುವುದುಂಟು. ಗಣಕವು ಹಳೆಯ ವಿಳಾಸಕ್ಕೇ ಕಡತ ಕಳುಹಿಸುತ್ತಿರುತ್ತದೆ. ಆಗ ಮುದ್ರಕವನ್ನು ಪಟ್ಟಿಯಿಂದ ತೆಗೆದು ಪುನಃ ಸೇರಿಸಬೇಕು.

ಮೂರನೆಯದಾದ ಸರತಿಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಒಂದು ಮುದ್ರಣ ವಿಫಲವಾದಾಗ ಕಪ್ಸ್ ಹಲವು ವೇಳೆ ಆ ಮುದ್ರಕವನ್ನು 'ಸ್ಥಗಿತ' ಎಂದು ಗುರುತಿಸುತ್ತದೆ. ಅನಂತರ ಯಂತ್ರವನ್ನು ಸರಿಪಡಿಸಿದರೂ ಆ ಗುರುತು ತಾನಾಗಿ ಅಳಿಯದು. ಇದನ್ನರಿಯದೆ ಮತ್ತೆ ಮತ್ತೆ ಗುಂಡಿ ಒತ್ತಿದರೆ ಪ್ರತಿಗಳು ಸಾಲುಗಟ್ಟುತ್ತವೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ 'ಲೋಕಲ್‌ಹೋಸ್ಟ್:631' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಕಪ್ಸ್‌ನ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಹಳೆಯ ಕೆಲಸಗಳನ್ನು ರದ್ದುಪಡಿಸಿ, ಮುದ್ರಕವನ್ನು ಪುನರಾರಂಭಿಸಬಹುದು. ಗಣಕದ ಆಡಳಿತ ಗುಪ್ತಪದವನ್ನು ಅದು ಕೇಳಬಹುದು.

ನಾಲ್ಕನೆಯದು ಚಾಲಕ ತಂತ್ರಾಂಶ. ಈಚಿನ ಅನೇಕ ಜಾಲ ಮುದ್ರಕಗಳು 'ಐಪಿಪಿ' ಎಂಬ ಸಾರ್ವತ್ರಿಕ ನಿಯಮವನ್ನು ಪಾಲಿಸುವುದರಿಂದ ಅವುಗಳಿಗೆ ಪ್ರತ್ಯೇಕ ಚಾಲಕ ಬೇಕಿಲ್ಲ. ಹಳೆಯ ಮಾದರಿಗಳಿಗೆ ಬೇಕು. ಎಚ್‌ಪಿ ಮುದ್ರಕಗಳಿಗೆ 'ಎಚ್‌ಪಿಲಿಪ್' ಎಂಬ ತಂತ್ರಾಂಶವಿದೆ. ಹೊಸ ಮುದ್ರಕ ಕೊಳ್ಳುವ ಮುನ್ನ ಅದು ಲಿನಕ್ಸ್‌ಗೆ ಒಗ್ಗುವುದೇ ಎಂದು ವಿಚಾರಿಸುವುದು ವಿವೇಕ.

ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಯೂನಿಕೋಡ್‌ಗೆ ಮುಂಚಿನ ವಿಧಾನದಲ್ಲಿ ಬೆರಳಚ್ಚು ಮಾಡಿದ ಹಳೆಯ ಕನ್ನಡ ಕಡತಗಳು, ಆ ಅಕ್ಷರವಿನ್ಯಾಸ ಗಣಕದಲ್ಲಿಲ್ಲದಿದ್ದರೆ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಯೂನಿಕೋಡ್ ಕಡತದಲ್ಲಿ ಚೌಕಗಳು ಕಂಡರೆ ಲೋಹಿತ್, ಗುಬ್ಬಿ ಅಥವಾ ನೋಟೊ ಕನ್ನಡ ಅಕ್ಷರವಿನ್ಯಾಸವನ್ನು ಸ್ಥಾಪಿಸಬೇಕು. ಕಡತವನ್ನು ಮೊದಲು ಪಿಡಿಎಫ್ ಆಗಿ ಉಳಿಸಿ ಪರದೆಯಲ್ಲಿ ಓದಿದರೆ, ಒತ್ತಕ್ಷರ ಕೆಟ್ಟಿರುವುದು ಕಾಗದ ಹಾಳಾಗುವ ಮುನ್ನವೇ ತಿಳಿಯುತ್ತದೆ.

ಮೊದಲು ಕಲ್ಪಿಸಿಕೊಂಡ ಮನೆಗೆ ಮರಳೋಣ. ಪರೀಕ್ಷಾ ಪುಟ ಸ್ವಚ್ಛವಾಗಿ ಬಂತು, ಸಂಪರ್ಕವೂ ಸರಿಯಿತ್ತು. ಸರತಿಯಲ್ಲಿ ಏಳು ಪ್ರತಿಗಳು ಕಾದಿದ್ದವು, ಮುದ್ರಕ 'ಸ್ಥಗಿತ'ವಾಗಿತ್ತು. ಎಲ್ಲವನ್ನೂ ರದ್ದುಪಡಿಸಿ, ಪುನರಾರಂಭಿಸಿ, ಒಂದೇ ಒಂದು ಸಲ ಆಜ್ಞೆ ಕೊಟ್ಟೊಡನೆ ಪ್ರವೇಶಪತ್ರ ಕೈಗೆ ಬಂತು. ಇಂತಹ ಪತ್ರಗಳನ್ನು ಮೂರು ದಿನ ಮುಂಚಿತವಾಗಿಯೇ ಮುದ್ರಿಸಿಟ್ಟುಕೊಳ್ಳುವುದು, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡುವುದು ಇನ್ನೂ ಕ್ಷೇಮ.

ಮುಕ್ತ ತಂತ್ರಾಂಶವು ಯಂತ್ರದೊಳಗಿನ ವ್ಯವಹಾರವನ್ನು ಬಳಕೆದಾರರ ಮುಂದೆ ತೆರೆದಿಡುತ್ತದೆ. ಅದನ್ನು ಸಾವಧಾನದಿಂದ ನೋಡಿ ತಿಳಿದುಕೊಂಡವರು ಅನಗತ್ಯ ವೆಚ್ಚದಿಂದ ಪಾರಾಗುತ್ತಾರೆ. ಸುಸ್ಥಿತಿಯ ಮುದ್ರಕವೊಂದು ಕಸದ ಪಾಲಾಗುವುದೂ ತಪ್ಪುತ್ತದೆ. ನೆರೆಮನೆಯವರಿಗೂ ಈ ಕ್ರಮವನ್ನು ತಿಳಿಸಿಕೊಡಬೇಕೆಂದು ಎಲ್ಲರಲ್ಲಿಯೂ ವಿನಂತಿ.