ಕರುಳಿನ ಕರೆ

(ನಮ್ಮ ಸಂಘದ ಸಂಸ್ಥಾಪನಾ ದಿನದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಳಗಿನಿಂದ ಬಿಸಿಬೇಳೆಭಾತಿನ ಘಮ ಬರುತ್ತಿದೆ. ಹೋಳಿಗೆಯೂ ಇದೆಯೆಂದು ಸುದ್ದಿ. ಇಂಥ ಹೊತ್ತಿನಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡಲು ನನ್ನನ್ನು ನಿಲ್ಲಿಸಿದ್ದಾರೆ. ಹೋಳಿಗೆ ಮಿಗಿಸುವ ಉಪಾಯವೂ ಇರಬಹುದು! ಹೆದರಬೇಡಿ, ಊಟಕ್ಕೆ ತಡ ಮಾಡುವುದಿಲ್ಲ.

ಈಚೆಗೆ ಹಬ್ಬ, ಗೃಹಪ್ರವೇಶ, ನಾಮಕರಣ ಎಲ್ಲೇ ಸೇರಿದರೂ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ: "ಡಾಕ್ಟ್ರೇ, ಆ ವಾರಕ್ಕೊಂದು ಇಂಜೆಕ್ಷನ್ ಇದೆಯಲ್ಲ, ಅದು ಒಳ್ಳೆಯದೋ ಕೆಟ್ಟದ್ದೋ?" ಕೆಲವರು ಆಗಲೇ ತೆಗೆದುಕೊಳ್ಳುತ್ತಿರುತ್ತಾರೆ, ಮನೆಯವರಿಗೇ ಹೇಳಿರುವುದಿಲ್ಲ. ಏನೋ ತಪ್ಪು ಮಾಡಿದವರ ಹಾಗೆ ಅವರು ಪಿಸುಗುಟ್ಟುವುದನ್ನು ಕೇಳಿ, ಇದನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಹೇಳಬೇಕೆನಿಸಿತು.

ನಾವಿರುವ ಈ ಊರಿಗೂ ಸಕ್ಕರೆ ಕಾಯಿಲೆಗೂ ಹಳೆಯ ನಂಟು. 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ. 1922ರ ಜನವರಿಯಲ್ಲಿ ಅದರ ಮೊದಲ ಚುಚ್ಚುಮದ್ದು ಪಡೆದವನು 14 ವರ್ಷದ ಹುಡುಗ. ಇನ್ಸುಲಿನ್ ಹುಟ್ಟುವುದು ಮೇದೋಜೀರಕ ಗ್ರಂಥಿಯಲ್ಲಿ. ಆದರೆ ಊಟ ಬಂದಿದೆ, ಇನ್ಸುಲಿನ್ ಕಳಿಸು ಎಂದು ಆ ಗ್ರಂಥಿಗೆ ಹೇಳುವವರು ಯಾರು?

ಉತ್ತರದ ಎಳೆ 1902ರಲ್ಲೇ ಸಿಕ್ಕಿತ್ತು. ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು, ಕರುಳು ರಕ್ತದ ಮೂಲಕ ಮೇದೋಜೀರಕಕ್ಕೆ ರಾಸಾಯನಿಕ ಸಂದೇಶ ಕಳಿಸುತ್ತದೆಂದು ತೋರಿಸಿದರು. 1964ರಲ್ಲಿ ಇನ್ನೊಂದು ಸೋಜಿಗ ಖಚಿತವಾಯಿತು. ಗ್ಲೂಕೋಸನ್ನು ನೇರ ರಕ್ತನಾಳಕ್ಕೆ ಕೊಟ್ಟಾಗ ಬರುವುದಕ್ಕಿಂತ, ಬಾಯಿಂದ ಕುಡಿದಾಗ ಬರುವ ಇನ್ಸುಲಿನ್ ಬಹಳ ಹೆಚ್ಚು. ಅಂದರೆ ಕರುಳು ಮೊದಲೇ ಕೂಗಿ ಹೇಳುತ್ತದೆ, "ನೆಂಟರು ಬಂದರು, ಎಲೆ ಹಾಕಿ" ಎಂದು. ಹೀಗೆ ಕೂಗುವ ಹಾರ್ಮೋನುಗಳಿಗೆ ಇನ್‌ಕ್ರೆಟಿನ್ ಎಂದು ಹೆಸರು.

ಇವುಗಳಲ್ಲಿ ಮುಖ್ಯವಾದವು ಎರಡು. ಜಿಐಪಿ ಎಂಬುದನ್ನು 1970ರ ಆಸುಪಾಸಿನಲ್ಲಿ ನಮ್ಮ ಕೆನಡಾದ ವ್ಯಾಂಕೂವರಿನಲ್ಲೇ ಜಾನ್ ಬ್ರೌನ್ ಬೇರ್ಪಡಿಸಿದರು. ಜಿಎಲ್‌ಪಿ-1 ಎಂಬುದು 1980ರ ದಶಕದಲ್ಲಿ ಹೊರಬಂತು. ಬಾಸ್ಟನ್ನಿನಲ್ಲಿ ಜೋಯಲ್ ಹ್ಯಾಬೆನರ್, ಸ್ವೆಟ್ಲಾನಾ ಮೊಯ್ಸೊವ್, ಟೊರಾಂಟೊದ ಡೇನಿಯಲ್ ಡ್ರಕರ್, ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಹೋಲ್ಸ್ಟ್ ಮುಂತಾದವರ ದುಡಿಮೆ ಅದರ ಹಿಂದಿದೆ.

ಜಿಎಲ್‌ಪಿ-1ರ ಗುಣಗಳು ನೋಡಿ. ರಕ್ತದಲ್ಲಿ ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಹೆಚ್ಚಿಸುತ್ತದೆ. ಸಕ್ಕರೆ ಏರಿಸುವ ಗ್ಲುಕಗಾನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಜಠರ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ. ಮಿದುಳಿಗೆ "ಸಾಕು" ಎನ್ನುತ್ತದೆ. ಒಂದೇ ತೊಂದರೆ, ರಕ್ತದಲ್ಲಿ ಎರಡು ನಿಮಿಷದೊಳಗೆ ಅರ್ಧ ಪಾಲು ಕರಗಿಹೋಗುತ್ತದೆ. ಅದನ್ನು ಮದ್ದಾಗಿ ಕೊಡುವುದು ಹೇಗೆ?

ದಾರಿ ತೋರಿಸಿದ್ದು ಒಂದು ಹಲ್ಲಿ! ಅಮೆರಿಕದ ಮರುಭೂಮಿಯಲ್ಲಿರುವ ಗಿಲಾ ಮಾನ್‌ಸ್ಟರ್ ಎಂಬ ದೊಡ್ಡ ವಿಷದ ಹಲ್ಲಿಯದು. ಅದರ ವಿಷದಲ್ಲಿ ಜಿಎಲ್‌ಪಿ-1ನ್ನು ಹೋಲುವ, ಆದರೆ ಬೇಗ ಕರಗದ ವಸ್ತುವನ್ನು ನ್ಯೂಯಾರ್ಕಿನ ಜಾನ್ ಎಂಗ್ 1992ರಲ್ಲಿ ವರದಿ ಮಾಡಿದರು. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ದಿನಕ್ಕೆರಡು ಸಲ ಚುಚ್ಚಬೇಕಿತ್ತು. ಆಮೇಲೆ ಡೆನ್ಮಾರ್ಕಿನಲ್ಲಿ ಲೊಟ್ಟೆ ಬ್ಯೆರ್ರೆ ಕ್ನುಡ್ಸೆನ್ ಅವರ ತಂಡ ಹಾರ್ಮೋನಿಗೆ ಕೊಬ್ಬಿನ ಆಮ್ಲದ ಬಾಲ ಜೋಡಿಸಿ, ಅದು ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡು ಉಳಿಯುವಂತೆ ಮಾಡಿತು. ದಿನಕ್ಕೊಮ್ಮೆಯ ಲಿರಾಗ್ಲುಟೈಡ್, ಬಳಿಕ 2017ರಲ್ಲಿ ವಾರಕ್ಕೊಮ್ಮೆಯ ಸೆಮಾಗ್ಲುಟೈಡ್ ಬಂದವು. ಓಜೆಂಪಿಕ್ ಎಂದು ನೀವು ಕೇಳಿರುವುದು ಇದೇ. ಜಿಐಪಿ, ಜಿಎಲ್‌ಪಿ-1 ಎರಡರ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ 2022ರಲ್ಲಿ ಬಂತು.

ಫಲವೇನು? 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯಿಲ್ಲದ ಸ್ಥೂಲಕಾಯದ 1,961 ಮಂದಿ ಭಾಗವಹಿಸಿದ್ದರು. 68 ವಾರಗಳಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇಕಡ 14.9 ಇಳಿಯಿತು, ಹುಸಿ ಮದ್ದು ಪಡೆದವರಲ್ಲಿ ಶೇಕಡ 2.4. ಎರಡು ಗುಂಪಿಗೂ ಪಥ್ಯ, ವ್ಯಾಯಾಮದ ಸಲಹೆ ಒಂದೇ ಇತ್ತೆಂಬುದನ್ನು ಗಮನಿಸಿ. 2023ರಲ್ಲಿ, ಆಗಲೇ ಹೃದ್ರೋಗವಿದ್ದ 17,604 ಜನರ ಅಧ್ಯಯನದಲ್ಲಿ ಹೃದಯಾಘಾತ, ಲಕ್ವ, ಹೃದಯದ ಕಾರಣದ ಸಾವು ಒಟ್ಟಾರೆ ಶೇಕಡ 20 ಕಡಿಮೆಯಾದವು. 2024ರಲ್ಲಿ ಮೂತ್ರಪಿಂಡಕ್ಕೂ ಪ್ರಯೋಜನವಿದೆಯೆಂದು ಕಂಡುಬಂತು.

ಇದು ನಮಗೇಕೆ ಮುಖ್ಯ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ನಮ್ಮವರು ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು. ಪುಣೆಯ ಡಾ. ಯಾಜ್ಞಿಕ್ ಅವರೂ ಅವರ ಲಂಡನ್ನಿನ ಸ್ನೇಹಿತ ಡಾ. ಯುಡ್ಕಿನ್ ಅವರೂ 2004ರಲ್ಲಿ ತಮ್ಮಿಬ್ಬರ ಅಳತೆಯನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇಕಡ 9.1, ಯಾಜ್ಞಿಕ್ ಅವರಿಗೆ ಶೇಕಡ 21.2! ಆದ್ದರಿಂದ ನಮ್ಮವರು ಬಿಎಂಐ 23 ದಾಟಿದರೇ ಎಚ್ಚರವಾಗಬೇಕು, ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನು ಒಂದು ಸ್ವಂತ ಮಾತು. ಅರಸೀಕೆರೆಯಲ್ಲಿ ನನ್ನ ಅಕ್ಕ ಇದ್ದಳು. ಮೂವತ್ತೆಂಟಕ್ಕೇ ಸಕ್ಕರೆ ಕಾಯಿಲೆ, ಜೊತೆಗೆ ತೂಕ. ಇನ್ಸುಲಿನ್ ಶುರುವಾದ ಮೇಲೆ ತೂಕ ಇನ್ನೂ ಏರಿತು. ನಾನು ಊರಿಗೆ ಹೋದಾಗಲೆಲ್ಲ, ದೊಡ್ಡ ಡಾಕ್ಟರ ಹಾಗೆ, ಎಲ್ಲರೆದುರು ಅವಳನ್ನು ಬಯ್ಯುತ್ತಿದ್ದೆ. "ಬಾಯಿ ಕಟ್ಟೋದಕ್ಕೆ ಆಗಲ್ವಾ ನಿನಗೆ?" ಒಮ್ಮೆ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು, "ನಿಂಗೆ ಉಂಡ ಮೇಲೆ ಸಾಕು ಅನ್ಸುತ್ತೆ ಕಣೋ. ನಂಗೆ ಅನ್ಸೋದೇ ಇಲ್ಲ." ನೆಪ ಹೇಳುತ್ತಾಳೆಂದು ನಕ್ಕುಬಿಟ್ಟೆ. 2011ರಲ್ಲಿ ಹೃದಯಾಘಾತದಿಂದ ಹೋದಳು.

ಕೆಲವು ವರ್ಷಗಳ ಹಿಂದೆ, ಈ ಮದ್ದು ಆರಂಭಿಸಿದ ನನ್ನ ರೋಗಿಯೊಬ್ಬರು ಕಣ್ಣು ತುಂಬಿಕೊಂಡು, "ಡಾಕ್ಟ್ರೇ, ಜೀವನದಲ್ಲಿ ಮೊದಲ ಸಲ ತಟ್ಟೆಯಲ್ಲಿ ಅನ್ನ ಉಳೀತು" ಎಂದರು. ಆಗ ನನಗೆ ಅಕ್ಕನ ಮಾತು ನೆನಪಾಯಿತು. ಅವಳು ಹೇಳಿದ್ದು ನೆಪವಲ್ಲ, ರೋಗದ ಲಕ್ಷಣ. ಡಾಕ್ಟರಾದ ನನಗೇ ಅದು ಕೇಳಿಸಲಿಲ್ಲ. ಈಗಿನ ಮದ್ದು ಆಗ ಇದ್ದಿದ್ದರೆ ಉಳಿಯುತ್ತಿದ್ದಳು ಎಂದು ನಾನು ಹೇಳಲಾರೆ. ಆದರೆ ನಾಲ್ಕು ಜನರ ಮುಂದೆ ಅವಳನ್ನು ಹಂಗಿಸದೆ ಇರಲು ಯಾವ ಮದ್ದೂ ಬೇಕಿರಲಿಲ್ಲ.

ಹಾಗೆಂದು ಇದು ಸಂಜೀವಿನಿಯಲ್ಲ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಅದಕ್ಕೇ ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕದ ಉರಿಯೂತ ಬರಬಹುದು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಬೇಳೆ, ಕಾಳು, ಮೊಸರು ಬಿಡಬೇಡಿ, ನಡಿಗೆಯ ಜೊತೆ ಭಾರ ಎತ್ತುವ ವ್ಯಾಯಾಮವೂ ಇರಲಿ. ಗರ್ಭಿಣಿಯರಿಗೆ ಸಲ್ಲದು. ಮನೆತನದಲ್ಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಜೊತೆ ತೆಗೆದುಕೊಂಡರೆ ಸಕ್ಕರೆ ತೀರಾ ಕುಸಿಯಬಹುದು. ನಿಲ್ಲಿಸಿದರೆ ತೂಕ ಮರಳುತ್ತದೆ: ಸೆಮಾಗ್ಲುಟೈಡ್ ಪ್ರಯೋಗ ಮುಗಿದು ವರ್ಷದೊಳಗೆ, ಕಳೆದುಕೊಂಡ ತೂಕದ ಮೂರನೆಯ ಎರಡು ಪಾಲು ವಾಪಸು ಬಂದಿತ್ತು. ರಕ್ತದೊತ್ತಡದ ಮಾತ್ರೆಯ ಹಾಗೆ ಇದೂ ದೀರ್ಘಕಾಲದ ಮದ್ದು ಎಂದೇ ತಿಳಿದು ಶುರುಮಾಡಬೇಕು.

ಮತ್ತೊಂದು ಕೋರಿಕೆ. ಊರಿನ ಅಪ್ಪ ಅಮ್ಮನಿಗೆಂದು ನಿಮ್ಮ ಪೆನ್ನನ್ನು ಸೂಟ್‌ಕೇಸಿನಲ್ಲಿಟ್ಟು ಒಯ್ಯಬೇಡಿ. ಹೆಪ್ಪುಗಟ್ಟಿದರೆ ಮದ್ದು ಕೆಡುತ್ತದೆ. ಅವರ ಕಣ್ಣು, ಮೂತ್ರಪಿಂಡ, ಇತರ ಮಾತ್ರೆಗಳನ್ನು ನೋಡದೆ ಕೊಡುವುದು ಅಪಾಯ. ಟಿರ್ಜೆಪಟೈಡ್, ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಇಂಜೆಕ್ಷನ್ ಎರಡೂ 2025ರಲ್ಲಿ ಭಾರತಕ್ಕೂ ಬಂದಿವೆ. ಅಲ್ಲಿನ ವೈದ್ಯರೇ ನೋಡಿ ನಿರ್ಧರಿಸಲಿ.

ಕನ್ನಡದಲ್ಲಿ ಕರುಳು ಎಂದರೆ ಜೀರ್ಣಾಂಗವೂ ಹೌದು, ಮಮತೆಯೂ ಹೌದು. ಮೊದಲನೆಯದರ ಭಾಷೆ ವಿಜ್ಞಾನಿಗಳಿಗೆ ಅರ್ಥವಾಗಲು ನೂರು ವರ್ಷ ಹಿಡಿಯಿತು. ಎರಡನೆಯದು ನಮ್ಮ ಕೈಯಲ್ಲೇ ಇದೆ. ಇವತ್ತು ಪಂಕ್ತಿಯಲ್ಲಿ ಯಾರಾದರೂ "ಹೋಳಿಗೆ ಸಾಕು" ಎಂದರೆ ಬಲವಂತ ಮಾಡಬೇಡಿ. ಯಾರಾದರೂ ಇನ್ನೊಂದು ಕೇಳಿದರೆ ಅವರ ಹೊಟ್ಟೆಯ ಸುತ್ತಳತೆ ನೋಡಿ ನಗಬೇಡಿ.